ಕೈಯಾರೆ ತಲುಪಿಸಿದ ಹನ್ನೆರಡು ಲಕೋಟೆಗಳು

ಲೇಕ್‌ಶೋರ್ ಮೊನಾರ್ಕ್ಸ್ ಎಂಬ, ಡೋಲು ಬಾರಿಸಿ ಕಹಳೆ ಊದಿ ಕವಾಯತು ಮಾಡುವ ಡ್ರಮ್ ಕೋರ್‌ನ ಘನ ನಿರ್ದೇಶಕರಾದ ಶ್ರೀ ಗಾರ್ಡನ್ ಪೆಲ್ಹ್ಯಾಮ್ ಅವರ ಸನ್ನಿಧಾನಕ್ಕೆ, ವಿಸ್ಕಾನ್ಸಿನ್‌ನ ಪೈನ್ ಲ್ಯಾಂಡಿಂಗ್ ಎಂಬ ಕಾಗದದ ಗಿರಣಿಯ ಊರಿನಿಂದ, ಅಲ್ಲಿನ ಪೈಲಟ್ಸ್ ಎಂಬ ಇಂಥದೇ ದಳದ ನಿರ್ದೇಶಕನೂ ಹೊಟ್ಟೆಪಾಡಿಗೆ ಅಂಚೆಯವನೂ ಆದ ಎಲ್ಮರ್ ಗ್ರಾಬೋವ್ಸ್ಕಿ ಊರಿನ ವಾರಪತ್ರಿಕೆಗೂ ಒಂದು ಪ್ರತಿ ಕೊಟ್ಟು, ಅದರ ಸಾಕ್ಷಿಯಾಗಿ ಸಲ್ಲಿಸುವ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ಮೂರು ಹೊಸ ಬಸ್ಸುಗಳೂ ತಮ್ಮ ಬೆರಳಚ್ಚು ಯಂತ್ರವೂ ಕ್ಷೇಮವೆಂದು ನಂಬಿದ್ದೇನೆ. ಯಂತ್ರದ ಬಗ್ಗೆಯಂತೂ ಸಂಶಯವೇ ಇಲ್ಲ. ಈ ಚಳಿಗಾಲದಲ್ಲಿ ಅದರ ಹೊಟ್ಟೆಯಿಂದ ಬಂದ, ತಮ್ಮ ದಳ ಸೇರಲು ಕರೆಯುವ ಹನ್ನೆರಡು ಆಹ್ವಾನ ಪತ್ರಗಳನ್ನು ಮೊಣಕಾಲುದ್ದ ಹಿಮದಲ್ಲಿ ಹೊತ್ತು, ನನ್ನದೇ ದಳದ ಹನ್ನೆರಡು ಮಕ್ಕಳ ಮನೆಬಾಗಿಲಿಗೆ ಮುಟ್ಟಿಸಿದವನು ನಾನೇ. ತಮ್ಮ ಆಯ್ಕೆಯನ್ನು ಮೆಚ್ಚಲೇಬೇಕು. ಶುಕ್ರವಾರ ಶುಕ್ರವಾರ ಚರ್ಚಿನ ನೆಲಮಾಳಿಗೆಯಲ್ಲಿ ಮೀನು ಕರಿದು ಮಾರಿ ನಾವು ಕೊಂಡ ಬ್ಯೂಗಲ್ ಕಹಳೆಗಳನ್ನು, ಏಳು ವರ್ಷ ಕಿವಿ ಗಡಚಿಕ್ಕುವಂತೆ ಊದಿ ಊದಿ ಕಲಿತ ಮಕ್ಕಳಲ್ಲಿ, ಸರಿಯಾಗಿ ಊದಬಲ್ಲವರನ್ನೇ ತಾವು ಒಬ್ಬರನ್ನೂ ಬಿಡದೆ ಗುರುತಿಸಿದ್ದೀರಿ.

ಇದರಿಂದ ನಮಗೆ ಲಾಭವಾಗಿಲ್ಲವೆಂದರೆ ನಾಲಿಗೆಗೆ ಹುಳ ಬಿದ್ದೀತು. ಸ್ಪರ್ಧೆಯಲ್ಲಿ ತೀರ್ಪುಗಾರರು ತಪ್ಪು ಕಂಡಲ್ಲೆಲ್ಲ ಅಂಕ ಕಳೆಯುತ್ತಾರಷ್ಟೆ? ಇಲ್ಲದ ಮಕ್ಕಳು ತಪ್ಪು ಮಾಡುವುದಿಲ್ಲ. ಕಳೆದ ತಿಂಗಳ ಒಳಾಂಗಣ ಸ್ಪರ್ಧೆಯಲ್ಲಿ ನಮ್ಮ ದೊಡ್ಡ ಬ್ಯೂಗಲ್ಲುಗಳ ಸಾಲಿನಲ್ಲಿ ಒಂದೂ ದೋಷವಿಲ್ಲವೆಂದು ಷರಾ ಬಂದಿದೆ. ಆ ಸಾಲಿನಲ್ಲಿ ಯಾರೂ ಇರಲಿಲ್ಲ. ಇದೇ ವೇಗದಲ್ಲಿ ತಾವು ಕೃಪೆ ತೋರಿದರೆ ನಾವು ರಾಜ್ಯಕ್ಕೇ ಮೊದಲಿಗರಾಗುತ್ತಿದ್ದೆವು. ಆದರೆ ದಳದಲ್ಲಿ ಮೂವತ್ತೈದು ಮಂದಿಗಿಂತ ಕಡಿಮೆಯಿದ್ದರೆ ಮೈದಾನಕ್ಕೇ ಬಿಡಬಾರದೆಂದು ಸಂಘದವರು ನಿಯಮ ಮಾಡಿಟ್ಟಿದ್ದಾರೆ. ಹನ್ನೊಂದು ಮಂದಿ ತಮ್ಮಲ್ಲಿಗೆ ಬಂದ ಮೇಲೆ ನಾವು ಉಳಿದಿರುವುದು ಸರಿಯಾಗಿ ಮೂವತ್ತೈದು.

ಹಾಗಿದ್ದರೆ ಆ ಕಾಗದಗಳನ್ನು ಏಕೆ ಕೊಟ್ಟೆ ಎಂದು ತಾವು ಕೇಳಬಹುದು. ಮಾನ್ಯರೇ, ನನ್ನದು ಇಪ್ಪತ್ತಾರು ವರ್ಷದ ಸೇವೆ. ಅಂಚೆಯವನು ಪತ್ರವನ್ನು ತಡೆಯಬಾರದು, ಅದರ ಬಗ್ಗೆ ಪಡೆದವರ ಮುಂದೆ ಅಭಿಪ್ರಾಯ ಹೇಳಬಾರದು. ಆದ್ದರಿಂದ ಪ್ರತಿ ಬಾಗಿಲಲ್ಲೂ ಕಾಗದ ಬಂದಿದೆಯೆಂದಷ್ಟೇ ಹೇಳಿ, ಇಲಾಖೆಯ ಟೋಪಿ ಸರಿಮಾಡಿಕೊಂಡು ಮುಂದಿನ ಮನೆಗೆ ಹೋದೆ.

ಹನ್ನೆರಡನೆಯದು ಲೊರೆಟ್ಟಾ ಝಾಸ್ಟ್ರೋಳದು. ಹದಿನೇಳು ವರ್ಷದ ಈ ಹುಡುಗಿ ನಮ್ಮಲ್ಲಿ ಉಳಿದ ಒಬ್ಬಳೇ ಏಕವಾದಕಿ. ನಿನ್ನೆ ಗುರುವಾರ ಬಾಗಿಲಲ್ಲೇ ನಿಂತು ತಮ್ಮ ಪತ್ರ ಓದಿದವಳು, ನನ್ನ ಮುಖ ನೋಡಿ, "ಹಂಗಾದ್ರೆ ನನ್ನೂ ಕಳ್ಸಿಬಿಡ್ತೀರಾ, ಮಿಸ್ಟರ್ ಗ್ರಾಬ್?" ಎಂದಳು. ನಾನೆಲ್ಲಿ ಕಳಿಸುತ್ತಿದ್ದೇನೆ ಎಂದೆ. "ಇನ್ನೇನ್ ಮತ್ತೆ? ನೀವೇ ಕೈಯಾರೆ ತಂದ್ಕೊಡ್ತೀರಿ, ಬೇಡ ಅಂತ ಒಂದ್ ಮಾತೂ ಅನ್ನಲ್ಲ. ಹೋಗ್ಲಿ ಅಂತಾನೇ ತಂದ್ಕೊಟ್ರು ಅಂತ ಎಲ್ರೂ ಅನ್ಕೊಂಡಿದ್ದು."

ಎಲ್ಲರೂ, ಮಾನ್ಯರೇ. ಹನ್ನೊಂದೂ ಮಂದಿ. ನನ್ನ ಮೌನವನ್ನೇ ಅವರು ಆಶೀರ್ವಾದವೆಂದು ತಿಳಿದು ತಮ್ಮ ಬಸ್ಸು ಹತ್ತಿದ್ದಾರೆ. ನನಗೆ ಅಳು ಬಂತು, ಕರ್ತವ್ಯದಲ್ಲಿದ್ದುದರಿಂದ ಅಳಲಿಲ್ಲ.

ಸಂಜೆ ಆರಕ್ಕೆ ಸಮವಸ್ತ್ರ ಕಳಚಿ, ಮನೆಯಲ್ಲಿ ತೊಡುವ ಅಂಗಿಯಲ್ಲೇ ಅವಳ ಬಾಗಿಲು ತಟ್ಟಿ, "ಹೋಗ್ಬೇಡ ಕಣಮ್ಮ. ನೀನು ಹೋದ್ರೆ ನನ್ ಕೈಲಿ ತಡ್ಕೊಳ್ಳೋಕಾಗಲ್ಲ" ಎಂದೆ. ಅವಳು, "ಬೆಳಿಗ್ಗೇನೇ ಹೇಳೋಕೇನಾಗಿತ್ತು ನಿಮ್ಗೆ? ಬರ್ತೀನಿ ಅಂತ ಬರ್ದು ಡಬ್ಬಿಗೆ ಹಾಕಿ ಬಂದ್ಬಿಟ್ಟೆ" ಎಂದಳು.

ಆ ಡಬ್ಬಿಯ ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತದೆ. ಇಂದು ಬೆಳಿಗ್ಗೆ ಏಳಕ್ಕೆ ತೆರೆದಾಗ ಅವಳ ನೀಲಿ ಲಕೋಟೆ ಎಲ್ಲಕ್ಕಿಂತ ಮೇಲೇ ಇತ್ತು. ಅದನ್ನು ಎಷ್ಟು ಹೊತ್ತು ಕೈಯಲ್ಲಿ ಹಿಡಿದು ನಿಂತಿದ್ದೆನೆಂಬುದು ನನ್ನ ಮೇಲಧಿಕಾರಿಗಳಿಗೆ ತಿಳಿಯುವುದು ಬೇಡ. ಹಾಕಿದ ಪತ್ರವನ್ನು ಹಿಂದೆ ಪಡೆಯಲು ಒಂದು ಅರ್ಜಿಯಿದೆ. ಅದನ್ನು ಅವಳು ತುಂಬಿಯೂ ಕೊಟ್ಟಿದ್ದಾಳೆ. ಅದರ ವಿಚಾರಣೆಗೆ ಒಂಬತ್ತು ದಿನ ಬೇಕು, ತಮ್ಮೂರಿಗೆ ಅಂಚೆ ಹೋಗಲು ಎರಡು ದಿನ ಸಾಕು. ಲಕೋಟೆಯನ್ನು ಈ ಪತ್ರ ಹೊರಡುವ ಚೀಲಕ್ಕೇ ಹಾಕಿದ್ದೇನೆ.

ಆದ್ದರಿಂದ ನನ್ನ ಒಂದೇ ಒಂದು ಬಿನ್ನಹ. ಈ ಪತ್ರದ ಜೊತೆಗೇ ತಮ್ಮ ಮೇಜಿಗೆ ಬರುವ ನೀಲಿ ಲಕೋಟೆಯನ್ನು ದಯವಿಟ್ಟು ಒಡೆಯಬೇಡಿ. ನನ್ನ ಕೈ ಕಟ್ಟಿರುವ ಕಾನೂನು ತಮ್ಮ ಕೈಯನ್ನು ಕಟ್ಟಿಲ್ಲ. ತಮ್ಮಲ್ಲಿ ಊದುವವರು ಅರವತ್ತು ಮಂದಿ. ಇಲ್ಲಿ ಅವಳೊಬ್ಬಳು ಹೋದರೆ ಈ ಊರಿಗೇ ದಳವಿಲ್ಲ.

ಇಷ್ಟೆಲ್ಲ ಆದ ಮೇಲೂ ತಮ್ಮ ವಿಶ್ವಾಸಿ,
ಎಲ್ಮರ್ ಗ್ರಾಬೋವ್ಸ್ಕಿ

ತಾ.ಕ.: ಉಳಿದ ಮೂವತ್ತನಾಲ್ವರಿಗೂ ತಾವು ಸಂತೋಷವಾಗಿ ಬರೆಯಬಹುದು, ಪ್ರತಿಯೊಂದನ್ನೂ ನಾನೇ ಮುಟ್ಟಿಸುತ್ತೇನೆ. ಇನ್ನು ಮುಂದೆ ತಮ್ಮ ಕಾಗದ ಕೊಟ್ಟಾದ ಮೇಲೆ ಟೋಪಿ ತೆಗೆದು ಒಂದು ನಿಮಿಷ ಅಲ್ಲೇ ನಿಲ್ಲುವುದೆಂದು ನಿಶ್ಚಯಿಸಿದ್ದೇನೆ. ಟೋಪಿ ತೆಗೆದವನು ಏನು ಮಾತಾಡಬಾರದೆಂಬ ಬಗ್ಗೆ ಇಲಾಖೆಯ ನಿಯಮಾವಳಿಯಲ್ಲಿ ಒಂದಕ್ಷರವೂ ಇಲ್ಲ, ಎರಡು ಸಲ ಓದಿ ನೋಡಿದ್ದೇನೆ.