ಅತ್ತೆಯ ವಿಮಾನವೂ ನನ್ನ ಚೌಕಾಶಿಯೂ

ನಮ್ಮತ್ತೆ ಕಾಶಮ್ಮನವರನ್ನು ಪಾತ್ರೆ ವ್ಯಾಪಾರಿಯ ಕಣ್ಣಿನಿಂದ ನೋಡಿ ಹೇಳುವುದಾದರೆ, ಹಳೇ ಕಾಲದ ತಾಮ್ರದ ಹಂಡೆ. ಗಟ್ಟಿ ತಗಡು, ಎಪ್ಪತ್ತು ದಾಟಿದರೂ ಎಲ್ಲೂ ನೆಗ್ಗಿಲ್ಲ. ಭದ್ರಾವತಿಯ ಹಳೇನಗರದಲ್ಲಿ ತಟ್ಟಿದರೆ ಶಿವಮೊಗ್ಗದ ಗಾಂಧಿಬಜಾರಿನ ನನ್ನ ಅಂಗಡಿವರೆಗೂ ಸದ್ದು. ಇಂಥ ಗಟ್ಟಿ ಮಾಲಿಗೆ ಒಂದೇ ಆಸೆ: ತಲೆಯ ಮೇಲೆ ಹಾದುಹೋಗುವ ವಿಮಾನವನ್ನು ಒಮ್ಮೆ ಒಳಗೆ ಕೂತು ನೋಡಬೇಕು.

"ಈ ತಿಂಗಳೇ ನಿಮ್ಮಮ್ಮನ್ನ ಮೇಲಕ್ಕೆ ಕಳಿಸ್ತೀನಿ," ಎಂದು ಹೆಂಡತಿಯ ಮುಂದೆ ಪ್ರತಿಜ್ಞೆ ಮಾಡಿದೆ. ಸಂಧ್ಯಾ ದುರುಗುಟ್ಟಿದಳು. "ವಿಮಾನದಲ್ಲಿ," ಎಂದು ಸೇರಿಸಿದೆ.

ಮೊಬೈಲಿನಲ್ಲಿ ಗಗನಮಿತ್ರ ಟ್ರಾವೆಲ್ಸ್ ಎಂಬ ಜಾಹೀರಾತು ಸಿಕ್ಕಿತು. ಶಿವಮೊಗ್ಗದ ಪಕ್ಕದ ಸೋಗಾನೆ ನಿಲ್ದಾಣದಿಂದ ಹೈದರಾಬಾದಿಗೆ ವಿಮಾನ, ಅಲ್ಲಿಂದ ಕಾರಿನಲ್ಲಿ ಶ್ರೀಶೈಲ, ದರ್ಶನ, ರೂಮು, ಊಟ, ಎಲ್ಲ ಒಟ್ಟಿಗೆ. ಸಂಧ್ಯಾ ಬಸ್‌ಸ್ಟ್ಯಾಂಡ್ ಹತ್ತಿರದ ಟ್ರಾವೆಲ್ಸ್‌ನವರನ್ನು ಒಂದು ಮಾತು ಕೇಳಿ ಎಂದಳು. ಮೂವತ್ತು ವರ್ಷ ಗಿರಾಕಿಗಳ ಮುಖ ಓದಿದವನಿಗೆ ಬುದ್ಧಿವಾದ! ನಾನೇ ಫೋನ್ ಮಾಡಿದೆ.

ಆ ಕಡೆ ಯುವರಾಜ್ ಎಂಬ ಹುಡುಗ. ದರ ಹೇಳಿದ. ನಾನು ಅರ್ಧಕ್ಕೆ ಕೇಳಿದೆ. ಅವನು ನೊಂದುಕೊಂಡ. ನಾನು ಇನ್ನೂ ಸ್ವಲ್ಪ ಜಗ್ಗಿದೆ. ಅವನು ಫೋನನ್ನೇ ಇಟ್ಟುಬಿಟ್ಟ. ಆಗಲೇ ನನಗೆ ಪೂರ್ತಿ ನಂಬಿಕೆ ಬಂದದ್ದು. ಮೋಸಗಾರ ಗಿರಾಕಿಯನ್ನು ಬಿಡುವುದುಂಟೇ? ಇವನು ಬಿಟ್ಟ. ಅಸಲಿ ವ್ಯಾಪಾರಿ.

ಮರುದಿನ ನಾನು ಅಂಗಡಿಯ ಷಟರ್ ಎತ್ತಿ, ಊದುಬತ್ತಿ ಹಚ್ಚುವ ಹೊತ್ತಿಗೆ ಅವನದೇ ಫೋನ್.

"ಅಣ್ಣಾ, ಇನ್ನೂ ಬೋಣಿ ಆಗಿಲ್ಲ. ನೀವು ಹೇಳಿದ ರೇಟೇ ಇರ್ಲಿ. ನಿಮ್ ಕೈಯಿಂದಾನೇ ಆಗ್ಬಿಡ್ಲಿ."

ಕರಗಿಹೋದೆ. ದಿನದ ಮೊದಲ ವ್ಯಾಪಾರವನ್ನು ನಾವು ಮುರಿಯುವವರಲ್ಲ. ನಷ್ಟವಾದರೂ ಸರಿ, ಬೋಣಿ ಗಿರಾಕಿಯನ್ನು ಬರಿಗೈಲಿ ಕಳಿಸುವುದಿಲ್ಲ. ಬೋಣಿಯಲ್ಲಿ ಮೋಸ ಮಾಡುವವನು ಇಡೀ ಗಾಂಧಿಬಜಾರಿನಲ್ಲೇ ಇಲ್ಲ. ಯುವರಾಜ್ ಗಾಂಧಿಬಜಾರಿನವನಲ್ಲ ಎಂಬ ಸಣ್ಣ ವಿಷಯ ಆ ಕ್ಷಣ ಹೊಳೆಯಲಿಲ್ಲ. ಅವನ ದಿನ ಕೆಡಬಾರದೆಂದು ದುಡ್ಡನ್ನು ಅಲ್ಲೇ ನಿಂತು ಕಳಿಸಿದೆ. ನಮ್ಮ ಮೂವರಿಗೂ ಬಣ್ಣಬಣ್ಣದ ಟಿಕೆಟ್ ಬಂತು. ಸಂಧ್ಯಾಗೆ ತೋರಿಸಿ, ಚೌಕಾಶಿ ಎಂದರೆ ಏನೆಂದು ಊಟ ಮುಗಿಯುವವರೆಗೆ ಪಾಠ ಮಾಡಿದೆ.

ಸುದ್ದಿ ಹಳೇನಗರದ ಬೀದಿಯುದ್ದಕ್ಕೂ ಹಬ್ಬಿತು. ಹಬ್ಬಿಸಿದವರು ಅತ್ತೆಯೇ. ಹೊರಡುವ ದಿನ ಹೊಸ ಸೀರೆ, ಮೇಲೆ ಸ್ವೆಟರ್, ಏಕೆಂದರೆ ಮೋಡದ ಹತ್ತಿರ ಥಂಡಿ. ಎದುರುಮನೆಯ ಚೌಡಮ್ಮ ಕುಂಕುಮವಿಟ್ಟು, ಮೇಲಿಂದ ತಮ್ಮ ಮನೆಯ ಹೆಂಚು ಕಂಡರೆ ಕೈ ಬೀಸಬೇಕೆಂದು ಮಾತು ತೆಗೆದುಕೊಂಡರು.

ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾವಲಿನವನು ಟಿಕೆಟ್ಟನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಟಿಕೆಟ್ಟನ್ನು ನೋಡಿದ. ಕೌಂಟರಿನ ಹುಡುಗಿ ಬಂದು, ಈ ನಂಬರಿನ ಬುಕಿಂಗೇ ಇಲ್ಲ ಸರ್ ಎಂದು ಬಹಳ ಮರ್ಯಾದೆಯಿಂದ ಹೇಳಿದಳು. ಯುವರಾಜನ ಫೋನು ಸ್ವಿಚ್ ಆಫ್. ಅವತ್ತಿನ ಸೀಟುಗಳೆಲ್ಲ ಭರ್ತಿ. ಸಂಧ್ಯಾ ಅಮ್ಮನ ಬ್ಯಾಗನ್ನು ಎತ್ತಿಕೊಂಡು ನಮ್ಮ ಕಾರಿನ ಕಡೆ ನಡೆದಳು.

ಅತ್ತೆ ಬೇಲಿಯ ಹತ್ತಿರ ಹೋಗಿ ನಿಂತರು. ವಿಮಾನ ಓಡಿ, ಎದ್ದು, ಹೈದರಾಬಾದಿನ ಕಡೆ ತಿರುಗಿ ಚುಕ್ಕಿಯಾಗುವವರೆಗೂ ನೋಡಿದರು.

"ನಮ್ದು ಅದೇನಾ ಅಳಿಯಂದ್ರೆ?"

"ಹೌದು ಅತ್ತೆ."

"ನೀವು ರೇಟು ಜಾಸ್ತಿ ಜಗ್ಗಿದ್ರಿ ಅಂತ ಕಾಣುತ್ತೆ. ಸೀಟು ಹೊರಗಡೆ ಕೊಟ್ಬಿಟ್ಟಿದಾನೆ."

ಅತ್ತೆಯನ್ನು ಮನೆಗೆ ಬಿಡಲು ಕಾರನ್ನು ಭದ್ರಾವತಿಯ ಕಡೆ ತಿರುಗಿಸಿದೆ. ಹಳೇನಗರದ ಬೀದಿಯಲ್ಲಿ ಚೌಡಮ್ಮ ಕಾರಿಗೆ ಅಡ್ಡ ಬಂದರು. ಹಿಂದೆ ನಾಲ್ಕಾರು ಜನ. ಆಕಾಶದ ಕಡೆ ನೋಡಿ ನೋಡಿ ಕತ್ತು ನೋಯುತ್ತಿದೆ, ಏನಾಯ್ತು ಎಂದು ಕೇಳಿದರು. ನಾನು ಸ್ಟೇರಿಂಗಿನ ಹಿಂದೆ ಸಾಧ್ಯವಾದಷ್ಟು ಕುಗ್ಗಿದೆ.

ಅತ್ತೆ ಗಾಜು ಇಳಿಸಿದರು. "ಅಳಿಯಂದ್ರು ಎಲ್ಲಾ ಚೊಕ್ಕಟವಾಗಿ ಮಾಡ್ಸಿದ್ರು ಕಣೇ ಮಾರಾಯ್ತಿ. ಬಾಗಿಲ ಹತ್ರ ಹೋಗ್ತಿದ್ದಂಗೆ ನಂಗೇ ಎದೆ ಡವಡವ ಅಂತು. ಒಲ್ಲೆ ಅಂತ ವಾಪಸ್ ಬಂದ್ಬಿಟ್ಟೆ."

ಇಡೀ ಬೀದಿ ಅತ್ತೆಯನ್ನು ನೋಡಿ ನಕ್ಕಿತು. ಈಗಲೂ ನಗುತ್ತಿದೆಯಂತೆ.

ಅತ್ತೆಗೆ ನಾನು ಒಂದು ವಿಮಾನ ಪ್ರಯಾಣ ಕೊಡಬೇಕಾಗಿದೆ. ಆ ಬೀದಿಯಲ್ಲಿ ನಿಂತು ನಿಜ ಹೇಳುವುದೂ ಬಾಕಿಯಿದೆ.