ಕಾರವಾರದ ಪಂದ್ಯಾಟ ಮತ್ತು ನನ್ನ ಐದನೆಯ ಹೋಳಿಗೆ

ಆ ದಿನದ ಬೆಳಗೂ ಎಲ್ಲ ಬೆಳಗುಗಳಂತೆ ಬಚ್ಚಲೊಲೆಯ ಹೊಗೆಯಿಂದಲೇ ಶುರುವಾಯಿತು. ಹಂಡೆಗೆ ಉರಿ ಹಾಕಿದೆ. ಅಂಗಳಕ್ಕೆ ನೀರು ಚಿಮುಕಿಸಿ ನಾಲ್ಕು ಎಳೆ ರಂಗೋಲಿ ಎಳೆದೆ. ಹಾಲಿನವಳು ಬಂದು ಹಾಲು ಅಳೆದಳು, ನೀರು ಬೆರೆಸಿಲ್ಲವೆಂದು ನಾನು ಕೇಳದೆಯೇ ಆಣೆ ಮಾಡಿದಳು, ಹೋದಳು. ಇವರು, ಎಂದರೆ ನಮ್ಮ ಮನೆಯವರು, ಹುಬ್ಬಳ್ಳಿಯ ಕೋರ್ಟಿನಲ್ಲಿ ವಕೀಲರು. ಪಡಸಾಲೆಯಲ್ಲಿ ಕೂತು ಮುಂಬಯಿಯ ಪತ್ರಿಕೆ ಓದುತ್ತಿದ್ದರು. ಆ ಪತ್ರಿಕೆ ನಮ್ಮೂರಿಗೆ ಬರುವುದು ಮರುದಿನ. ಹೀಗಾಗಿ ನಮ್ಮ ಯಜಮಾನರ ಸಿಟ್ಟೆಲ್ಲ ಯಾವಾಗಲೂ ಒಂದು ದಿನ ಹಳೆಯದು. ಅತ್ತೆಯವರು ದೇವರ ಮುಂದೆ ಕೂತು, ತುಟಿಯಲ್ಲಿ ಸ್ತೋತ್ರವನ್ನೂ ಕಣ್ಣಲ್ಲಿ ನನ್ನನ್ನೂ ನಡೆಸುತ್ತಿದ್ದರು.

ಹೆಂಗಸಿನ ಕೈಯಿಂದ ಒಂದು ದೊಡ್ಡ ಕೆಲಸ ಕೆಡುವುದಿದ್ದರೆ ಅದು ಅಡಿಗೆ ಕೆಟ್ಟಾಗ ಎಂದು ನಾನು ಅಂದಿನವರೆಗೆ ನಂಬಿದ್ದೆ. ಅಡಿಗೆ ಚೆನ್ನಾಗಿ ಆದಾಗಲೂ ಕೆಡಬಹುದು ಎಂಬುದು ಅಂದು ತಿಳಿಯಿತು. ಕಾರವಾರದಂಥ ಒಂದು ಬಂದರಿನ ಭಾಗ್ಯವನ್ನು ನಾನು ನನ್ನ ಕೈಯಾರೆ, ತುಪ್ಪ ಹಾಕಿ, ಕೆಡಿಸಿದೆ. ಇದನ್ನು ಇದುವರೆಗೆ ಯಾರ ಮುಂದೆಯೂ ಒಪ್ಪಿಕೊಂಡಿಲ್ಲ. ಓದುವವರು ನಮ್ಮ ಅಣ್ಣನಿಗೆ ಹೇಳಬಾರದು.

ನನ್ನ ತವರು ಕಾರವಾರ. ತಂದೆ ಬಂದರಿನ ಕಚೇರಿಗೆ ಗುಮಾಸ್ತರಾಗಿ ಹೋಗಿ ಅಲ್ಲಿಯೇ ನೆಲೆಸಿದವರು. ಅಲ್ಲಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಇಂಗ್ಲಿಷು, ಹೊಲಿಗೆ ಮತ್ತು ಮೆಲ್ಲಗೆ ಮಾತಾಡುವುದನ್ನು ಕಲಿಸಿದರು. ಮದುವೆಯಾಗಿ ಹುಬ್ಬಳ್ಳಿಗೆ ಬಂದ ಮೇಲೆ ಹೊಲಿಗೆಯೊಂದೇ ಉಪಯೋಗಕ್ಕೆ ಬಂತು. ಹನ್ನೊಂದು ವರ್ಷಗಳಲ್ಲಿ ಎರಡೇ ಸಲ ತವರಿಗೆ ಹೋಗಿದ್ದೇನೆ. ಕಾರಣ ಕೇಳಿದವರಿಗೆಲ್ಲ ದಾರಿಯನ್ನು ತೋರಿಸುತ್ತೇನೆ. ಹುಬ್ಬಳ್ಳಿಯಿಂದ ಮೋಟಾರಿನಲ್ಲಿ ಆರೇಳು ತಾಸು, ಅದರಲ್ಲಿ ಅರ್ಧ ಕಾಡು, ಆಮೇಲೆ ಘಟ್ಟ. ತಿರುವಿಗೊಮ್ಮೆ ಹೊಟ್ಟೆ ಬಾಯಿಗೆ ಬರುತ್ತದೆ. ರೈಲೊಂದು ಇದ್ದಿದ್ದರೆ ತಿಂಗಳಿಗೊಮ್ಮೆ ಹೋಗಿಬರುತ್ತಿದ್ದೆ ಎಂದು ಎಷ್ಟು ಸಲ ಹೇಳಿದ್ದೇನೆಂದರೆ, ನಮ್ಮ ಮನೆಯ ಗೋಡೆಗಳಿಗೂ ಅದು ಬಾಯಿಪಾಠವಾಗಿದೆ. ಅವ್ವ ಪತ್ರದ ಕೊನೆಯಲ್ಲಿ ಪ್ರತಿ ಸಲ "ಈ ಸಲ ಬಾ" ಎಂದು ಬರೆಸುತ್ತಾಳೆ. ನಾನು ಪ್ರತಿ ಸಲ "ರೈಲು ಬರಲಿ" ಎಂದು ಬರೆಯುತ್ತೇನೆ.

ಹೀಗಿರುವಾಗ ಅಣ್ಣನಿಂದ ದಪ್ಪ ಲಕೋಟೆ ಬಂತು. ಇಂಗ್ಲಿಷರ ಸಾಮ್ರಾಜ್ಯದ ದೇಶಗಳೆಲ್ಲ ಸೇರಿ ಓಡುವ, ಈಜುವ, ದೋಣಿ ಹುಟ್ಟು ಹಾಕುವ ಒಂದು ಮಹಾ ಪಂದ್ಯಾಟವನ್ನು ಯಾವುದಾದರೂ ಬಂದರಿನ ಊರಿನಲ್ಲಿ ನಡೆಸಬೇಕೆಂದು ದೊಡ್ಡವರು ಯೋಚಿಸಿದ್ದಾರಂತೆ. ದೊಡ್ಡ ದೊಡ್ಡ ಶಹರಗಳು ಅರ್ಜಿ ಹಾಕಿವೆಯಂತೆ. ಕಾರವಾರವೂ ಹಾಕಿದೆಯಂತೆ. ಹಾಕಿದ್ದು ಅಣ್ಣನೇ; ಅವನು ಅಲ್ಲಿಯ ಹತ್ತು ಜನ ಹಿರಿಯರ ಕಮಿಟಿಗೆ ಕಾರ್ಯದರ್ಶಿ. ಅರ್ಜಿಯ ನಕಲನ್ನೂ ಕಳಿಸಿದ್ದ. ಅದರಲ್ಲಿ ಕಾರವಾರ "ಬಂದರು ಮಹಾನಗರ"ವಾಗಿತ್ತು. ಕೊಲ್ಲಿಯ ನೀರು ಈಜುವವರಿಗೆ ತಂಟೆ ಮಾಡದು, ಓಡುವವರಿಗೆ ಮೈಲುಗಟ್ಟಲೆ ಮರಳ ದಂಡೆ ಇದೆ, ಪ್ರೇಕ್ಷಕರಿಗೆ ಕೂಡಲು ದೇವರೇ ಗುಡ್ಡ ಮಾಡಿಟ್ಟಿದ್ದಾನೆ ಎಂದು ಬರೆದಿದ್ದ. ಓದಿ ನನಗೆ ನಗು ಬಂತು. ಆದರೆ ಕೊನೆಯ ಸಾಲಿಗೆ ಬಂದಾಗ ನಗು ನಿಂತಿತು. "ತಂಗೀ, ಪಂದ್ಯಾಟ ಇಲ್ಲಿಗೆ ಬಂದರೆ ಸರಕಾರ ಹುಬ್ಬಳ್ಳಿಯಿಂದ ಇಲ್ಲಿಗೆ ರೈಲು ಹಾಕಲೇಬೇಕು. ಅಷ್ಟು ದೇಶದ ಆಟಗಾರರನ್ನು ಚಕ್ಕಡಿಯಲ್ಲಿ ತರಲಾದೀತೆ?"

ಅಂದಿನಿಂದ ಆ ಪಂದ್ಯಾಟ ನನ್ನದಾಯಿತು. ಯಾರು ಗೆದ್ದರೂ ನನಗೆ ಸರಿ, ರೈಲು ಬಂದರೆ ಸಾಕು.

ಊರುಗಳನ್ನು ನೋಡಿ ವರದಿ ಬರೆಯಲು ಒಬ್ಬ ಸಾಹೇಬರು ಬರುವವರಿದ್ದರು. ಪುಣೆಯ ರೈಲಿನಿಂದ ಬೆಳಗ್ಗೆ ಹುಬ್ಬಳ್ಳಿಗೆ ಇಳಿಯುವುದು, ನಮ್ಮ ಮನೆಯಲ್ಲಿ ಹತ್ತಕ್ಕೆ ಊಟ, ಹನ್ನೊಂದಕ್ಕೆ ಮೋಟಾರು. ದೀಪ ಹಚ್ಚುವ ಹೊತ್ತಿಗೆ ಘಟ್ಟದ ಗೇಟು ಮುಚ್ಚುತ್ತದೆ, ಅಷ್ಟರೊಳಗೆ ದಾಟಬೇಕು. ಮರುದಿನ ನಸುಕಿನಲ್ಲಿಯೇ ಅವರಿಗೆ ಕಾರವಾರದಿಂದ ಮುಂದಿನ ಬಂದರಿಗೆ ಹಡಗು. ಮೋಟಾರು ನಮ್ಮ ನೆರೆಮನೆಯ ಇಮಾಮಸಾಬನದು. ಬಾಡಿಗೆ ಇಲ್ಲದಾಗ ಅದು ನಮ್ಮ ಗೋಡೆಗೆ ಒರಗಿದಂತೆ ನಿಂತಿರುತ್ತದೆ. ಊಟದ ಬಗ್ಗೆ ಅಣ್ಣ ಬರೆದಿದ್ದು ಇಷ್ಟೇ: "ಹಗುರ ಊಟ ಹಾಕು. ಸೂಪು, ಬ್ರೆಡ್ಡು, ಕುದಿಸಿದ ಬಟಾಟೆ. ನೀನು ಕಾನ್ವೆಂಟಿನವಳು, ನಿನಗೆ ಹೇಳಬೇಕಾಗಿಲ್ಲ."

ನನಗೆ ಹೇಳಬೇಕಾಗಿರಲಿಲ್ಲ, ನಿಜ. ಹೇಳಬೇಕಾದದ್ದು ಅತ್ತೆಯವರಿಗೆ.

"ಇದೇನ ಇದು, ಗಂಜಿ, ಬಟಾಟಿ? ಅಂವಗ ಜ್ವರ ಬಂದಾವೇನು?"

"ಇಲ್ರಿ ಅತ್ತಿ, ಅವರ ಊಟನ ಹಂಗರಿ."

"ಅವರ ಮನ್ಯಾಗ ಹಂಗ ಇರವಲ್ದ್ಯಾಕ. ನಮ್ಮ ಮನಿಗೆ ಬಂದಾಂವ ಬರೇ ಬಟಾಟಿ ತಿಂದು ಹೋದಾ ಅಂದ್ರ ನಾ ಓಣ್ಯಾಗ ಮಾರಿ ಹೆಂಗ ತೋರಿಸ್ಲಿ? ಕಡ್ಲಿಬ್ಯಾಳಿ ಬೇಯಾಕ ಇಡು."

ಬೇಳೆ ಒಲೆಗೇರಿತು. ಹೀಗೆ ಸೂಪಿನ ಜಾಗದಲ್ಲಿ ಕಟ್ಟಿನ ಸಾರು, ಬ್ರೆಡ್ಡಿನ ಜಾಗದಲ್ಲಿ ಹೋಳಿಗೆ, ಬಟಾಟೆಯ ಜಾಗದಲ್ಲಿ ಎಣ್ಣೆಗಾಯಿ ಬದನೆ ಬಂದವು. ಜೊತೆಗೆ ಚಿತ್ರಾನ್ನ, ಕೋಸಂಬರಿ, ಶೇಂಗಾ ಚಟ್ನಿ, ಹಪ್ಪಳ, ಸಂಡಿಗೆ. ಇವರು ದುರ್ಗದಬೈಲಿನ ಪೇಟೆಗೆ ಹೋಗಿ ಬಾಳೆಎಲೆ ತಂದರು. ಸಾಹೇಬರನ್ನು ಪಡಸಾಲೆಯಲ್ಲಿ, ಇವರ ಕಾಗದಪತ್ರದ ಮೇಜಿನ ಮೇಲೆ ಎಲೆ ಹಾಸಿ ಕೂಡಿಸುವುದೆಂದೂ, ಮಡಿಯಲ್ಲಿದ್ದ ಅತ್ತೆಯವರು ನಡುಮನೆಯ ಬಾಗಿಲಲ್ಲಿ ನಿಂತು ಮೇಲ್ವಿಚಾರಣೆ ಮಾಡುವುದೆಂದೂ ಒಪ್ಪಂದವಾಯಿತು. ಬಡಿಸುವವಳು, ಎರಡೂ ಭಾಷೆ ಬಲ್ಲವಳು, ನಾನು.

ಇಲ್ಲಿ ಒಂದು ಮಾತು ಹೇಳಬೇಕು. ಕಾನ್ವೆಂಟಿನಲ್ಲಿ ವಯಸ್ಸಾದ ಸಿಸ್ಟರೊಬ್ಬರು, ತಟ್ಟೆಯಲ್ಲಿ ಒಂದಗುಳನ್ನೂ ಬಿಡಬಾರದು, ಬಿಟ್ಟರೆ ಅಡಿಗೆ ಮಾಡಿದವರಿಗೆ ಅವಮಾನ ಎಂದು ಕಲಿಸಿದ್ದರು. ನಾನು ಹೊಸ ಸೊಸೆಯಾಗಿ ಬಂದಾಗ ಹಾಗೆಯೇ ಎಲೆಯನ್ನು ಚೊಕ್ಕ ಮಾಡಿದೆ. ಅತ್ತೆಯವರು ತುಂಬಿದರು. ಮತ್ತೆ ಚೊಕ್ಕ ಮಾಡಿದೆ. ಮತ್ತೆ ತುಂಬಿದರು. ಈ ಮನೆಯಲ್ಲಿ ಎಲೆ ಖಾಲಿಯಾದರೆ ಬಡಿಸುವವರಿಗೆ ಅವಮಾನ. ಮೂರು ದಿನ ನಾನು ಅವರ ಮರ್ಯಾದೆಗೆ ಉಂಡೆ, ಅವರು ನನ್ನ ಮರ್ಯಾದೆಗೆ ಬಡಿಸಿದರು. ನಾಲ್ಕನೆಯ ದಿನ ಇವರು ನನ್ನ ಮುಖ ನೋಡಿ, "ಒಂದು ತುತ್ತು ಎಲಿಯಾಗ ಬಿಡು, ಇಲ್ಲಾಂದ್ರ ನೀ ಬದಕೂದಿಲ್ಲ" ಎಂದರು. ಅದರಿಂದ ಉಳಿದೆ. ಎಂದರೆ, ಸಾಹೇಬರು ಕೂತ ಕುರ್ಚಿಯ ಕಷ್ಟ ಇಡೀ ಹುಬ್ಬಳ್ಳಿಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ.

ಸಾಹೇಬರು ಉದ್ದಕ್ಕೆ, ತೆಳ್ಳಗೆ, ಮೂಗಿನ ತುದಿ ಮಾತ್ರ ಬಿಸಿಲಿಗೆ ಸುಲಿದವರು. ಬಹಳ ಒಳ್ಳೆಯವರು. ಮೊದಲನೆಯ ಹೋಳಿಗೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು, ತಿಂದರು, ಕಣ್ಣರಳಿಸಿದರು. ಎರಡನೆಯದನ್ನು ಸಂತೋಷದಿಂದ ತಿಂದು, ಎಲೆಯನ್ನು ತೊಳೆದಿಟ್ಟಂತೆ ಚೊಕ್ಕ ಮಾಡಿದರು. ಬಾಗಿಲಿನಿಂದ ದನಿ ಬಂತು.

"ಎಲಿ ಖಾಲಿ ಆತು. ಏನ ನೋಡಾಕತ್ತಿ?"

ಮೂರನೆಯದನ್ನು ಹಾಕಿದೆ. ಅದನ್ನೂ ಮುಗಿಸಿ, ಸಾಹೇಬರು ಇಂಗ್ಲಿಷಿನಲ್ಲಿ ನಯವಾಗಿ, ಸಾಕು, ವಂದನೆಗಳು ಎಂದರು.

"ಏನಂದಾ?"

"ಸಾಕಂತರಿ ಅತ್ತಿ."

"ಒಂದ ಸಲ ಅಂದಾನಲ್ಲ. ಖರೇನ ಸಾಕಾಗಿದ್ರ ಮೂರ ಸಲ ಅಂದು ಎಲಿ ಮ್ಯಾಲೆ ಬಾಗಿ ಬೀಳ್ತಿದ್ದ. ಇದು ಬರೇ ನಾಚಿಕಿ. ಹಾಕು."

ಪಾಪ, ಎಲೆಯ ಮೇಲೆ ಬೀಳಬೇಕೆಂದು ಅವರಿಗೆ ಯಾರು ಕಲಿಸಿದ್ದರು? ನಾಲ್ಕನೆಯದನ್ನು ಹಾಕಿಸಿದವರು ಇವರು. "ನಿಮ್ಮಣ್ಣನ ಮಾನದ ಪ್ರಶ್ನೆ ಅದ, ಕೈ ಹಿಡದು ಬಡಸಬ್ಯಾಡ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಅಷ್ಟರಲ್ಲಿ ಇಮಾಮಸಾಬ ಕಟ್ಟೆಯ ಹತ್ತಿರ ಬಂದು ನಿಂತ. "ವಕೀಲಸಾಹೇಬ್ರ, ಹನ್ನೊಂದಾತ್ರಿ. ಗೇಟ ಬಂದ ಆದ್ರ ಆ ಗಾರ್ಡ ನಮ್ಮಪ್ಪ ಬಂದ್ರೂ ತಗಿಯೂದಿಲ್ರಿ."

ಇಲ್ಲಿಗೆ ನಿಂತಿದ್ದರೂ ಕಾರವಾರ ಉಳಿಯುತ್ತಿತ್ತು. ಸಾಹೇಬರು ನಾಲ್ಕನೆಯದನ್ನೂ ಹೇಗೋ ಮುಗಿಸಿ, ಹಣೆ ಒರೆಸಿಕೊಂಡು, ನನ್ನ ಕಡೆ ತಿರುಗಿ, ಈ ದೇಶದಲ್ಲಿ ಇಷ್ಟು ರುಚಿಯಾದದ್ದನ್ನು ತಾನು ತಿಂದಿಲ್ಲವೆಂದೂ, ಇಷ್ಟು ಸ್ವಚ್ಛವಾದ ಇಂಗ್ಲಿಷನ್ನು ಕೇಳಿಲ್ಲವೆಂದೂ, ಇವೆರಡೂ ಒಬ್ಬರಲ್ಲಿಯೇ ಸಿಕ್ಕಿದ್ದು ಆಶ್ಚರ್ಯವೆಂದೂ ಹೇಳಿದರು. ನನ್ನ ಇಂಗ್ಲಿಷು ಟ್ರಂಕಿನ ತಳದ ಸೀರೆಯಂತೆ ಹನ್ನೊಂದು ವರ್ಷ ಮಡಿಕೆಯಾಗಿ ಬಿದ್ದಿತ್ತು. ನನ್ನ ಹೋಳಿಗೆಗೆ ಈ ಮನೆಯಲ್ಲಿ ಸಿಕ್ಕ ದೊಡ್ಡ ಹೊಗಳಿಕೆ ಎಂದರೆ "ಈ ಸಲ ಹರದಿಲ್ಲ" ಎಂಬುದು. ನಾನು ಒಳಗೆ ಹೋದೆ. ಯಾರೂ ಹಾಕು ಎನ್ನಲಿಲ್ಲ. ಅತ್ತೆಯವರು ಅನ್ನಲಿಲ್ಲ, ಇವರು ಅನ್ನಲಿಲ್ಲ. ಎಲ್ಲಕ್ಕಿಂತ ತೆಳ್ಳಗೆ, ದುಂಡಗೆ ಬಂದದ್ದನ್ನು ಆರಿಸಿದೆ. ಎರಡು ಚಮಚ ತುಪ್ಪ ಹಾಕಿದೆ. ಐದನೆಯ ಹೋಳಿಗೆಯನ್ನು ತಂದು ನಾನೇ ಅವರ ಎಲೆಗೆ ಇಟ್ಟೆ.

ಸಾಹೇಬರು ಅದನ್ನು ಘಟ್ಟವನ್ನು ನೋಡುವ ಹಾಗೆ ನೋಡಿದರು. ಈಗ ತಾನೇ ಹೊಗಳಿದ್ದರಲ್ಲ, ಬಿಡುವಂತಿರಲಿಲ್ಲ. ತಿಂದರು. ಎಲೆ ಚೊಕ್ಕ ಮಾಡಿದರು. ಎದ್ದು, ಐದು ನಿಮಿಷ ಎಂದು ಹೇಳಿ ಇವರ ಆರಾಮ ಕುರ್ಚಿಯಲ್ಲಿ ಒರಗಿದರು.

ಹನ್ನೆರಡು ಹೊಡೆಯಿತು. ಇವರು ಕೆಮ್ಮಿದರು. ಕೋರ್ಟಿನಲ್ಲಿ ನ್ಯಾಯಾಧೀಶರನ್ನು ಎಚ್ಚರಿಸುವ ಕೆಮ್ಮು ಅದು, ಇಲ್ಲಿ ನಡೆಯಲಿಲ್ಲ. ಬಾಗಿಲು ಬಡಿದರು, ಪುಸ್ತಕ ಕೆಡವಿದರು. ಇಮಾಮಸಾಬ ಬೀದಿಯಲ್ಲಿ ಹಾರ್ನು ಒತ್ತಿದ. ಆಗ ಅತ್ತೆಯವರು ಮಡಿಯನ್ನೂ ಮರೆತು ಪಡಸಾಲೆಗೆ ಬಂದರು.

"ಆ ಮೋಟಾರದಾಂವಗ ಸುಮ್ನಿರಂತ ಹೇಳ್ರಿ. ಉಂಡು ಕಣ್ಣು ಮುಚ್ಚ್ಯಾನ ಪಾಪ, ಎಬ್ಬಸತಾರೇನು? ಅವನ್ನೂ ಒಬ್ಬಾಕಿ ತಾಯಿ ಹಡದಾಳ."

ಅಷ್ಟು ಹೇಳಿ ಬೀಸಣಿಗೆಯನ್ನು ನನ್ನ ಕೈಯಲ್ಲಿಟ್ಟರು. ನಾನು ಬೀಸಿದೆ. ನನ್ನ ರೈಲು ಆ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತ ಮಲಗಿತ್ತು, ನಾನು ಅದಕ್ಕೆ ಗಾಳಿ ಹಾಕುತ್ತಿದ್ದೆ. ಅಲ್ಲಿ ಅಣ್ಣ ದೋಣಿಗಳಿಗೆ ಮಾವಿನ ತೋರಣ ಕಟ್ಟಿಸಿ, ಬಾಜಾಭಜಂತ್ರಿಯವರನ್ನು ದಂಡೆಯ ಮೇಲೆ ನಿಲ್ಲಿಸಿ, ದಾರಿ ನೋಡುತ್ತಿದ್ದ. ಒಂದು ಗಂಟೆಗೆ ಇವರು ಟಪಾಲು ಕಚೇರಿಗೆ ಹೋಗಿ ಅವನಿಗೆ ತಾರು ಕೊಟ್ಟು ಬಂದರು. ತಾರಿನಲ್ಲಿ ಸುಳ್ಳು ಬರೆಯಲು ವಕೀಲರಿಗೂ ತೋಚಲಿಲ್ಲ. "ಸಾಹೇಬರು ಮಲಗಿದ್ದಾರೆ" ಎಂದಷ್ಟೇ ಕಳಿಸಿದರು.

ಮೂರು ಹೊಡೆದ ಮೇಲೆ ಸಾಹೇಬರು ಎದ್ದರು. ಗಡಿಯಾರ ನೋಡಿದರು, ಇಮಾಮಸಾಬನನ್ನು ಕರೆದು ಕೇಳಿದರು, ಬೆರಳು ಮಡಚಿ ತಾಸು ಎಣಿಸಿದರು. ಮುಖ ಅವರ ಮೂಗಿನ ತುದಿಯಂತೆಯೇ ಕೆಂಪಾಯಿತು. ತುಂಬ ನೊಂದುಕೊಂಡು, ಬಂದರು ಬಹಳ ಸುಂದರವಾಗಿದೆಯೆಂದು ಕೇಳಿದ್ದೇನೆ, ಆದರೆ ಹುಬ್ಬಳ್ಳಿಯ ಸ್ಟೇಶನ್ನಿಗೆ ಬಂದವನು ಅದೇ ದಿನ ಅಲ್ಲಿಗೆ ಮುಟ್ಟಲಾರನೆಂದು ಪ್ರಾಮಾಣಿಕವಾಗಿ ಬರೆಯಬೇಕಾಗುತ್ತದೆ ಎಂದರು. ರಾತ್ರಿಯ ಮೇಲ್ ರೈಲಿಗೆ ಪುಣೆಗೆ ಹಿಂತಿರುಗುವುದೆಂದು ತೀರ್ಮಾನವಾಯಿತು. ಅತ್ತೆಯವರು ದಾರಿಗೆಂದು ಆರು ಹೋಳಿಗೆ ಕಟ್ಟಿಕೊಟ್ಟರು. ಸಾಹೇಬರು ಒಂದೇ ಸಲ ಸಾಕು ಎಂದರು.

ಇವರು ಅವರನ್ನು ಸ್ಟೇಶನ್ನಿನ ಕಡೆ ಕರೆದುಕೊಂಡು ಹೊರಟವರು ಬಾಗಿಲಲ್ಲಿ ನಿಂತು, ಎರಡನೆಯ ತಾರಿನಲ್ಲಿ ಏನು ಬರೆಯಲಿ ಎಂದು ಕೇಳಿದರು. ನಾನು ಒಲೆಯ ಕಡೆ ಮುಖ ಮಾಡಿ, "ಎದ್ದರು ಅಂತ ಬರೀರಿ" ಎಂದೆ. ಕಣ್ಣಲ್ಲಿ ನೀರು ಬಂತು. ಹೊಗೆ ಎಂದೆ. ಒಲೆ ಆರಿ ಬಹಳ ಹೊತ್ತಾಗಿತ್ತು.

ಸಂಜೆ ಹಿತ್ತಲ ಗೋಡೆಯ ಆಚೆ ಇಮಾಮಸಾಬನ ಹೆಂಡತಿ ಫಾತಿಮಾಬಿ ಮೆಂತ್ಯೆಸೊಪ್ಪು ಬಿಡಿಸುತ್ತ ಕೂತಿದ್ದಳು. ಗಂಡ ಎಲ್ಲ ಹೇಳಿದ್ದ. ಉಳಿದ ಹೋಳಿಗೆಗಳನ್ನು ಡಬ್ಬಿಯಲ್ಲಿ ಹಾಕಿ ಗೋಡೆಯ ಮೇಲಿಟ್ಟು, ತಡೆಯಲಾರದೆ, ಐದನೆಯದರ ಸಂಗತಿಯನ್ನೂ ಹೇಳಿಬಿಟ್ಟೆ. ಇನ್ನು ಈ ಜನ್ಮದಲ್ಲಿ ರೈಲು ಬರುವುದಿಲ್ಲ, ನಾನು ಅವ್ವನ ಮುಖ ನೋಡುವುದು ಯಾವಾಗ ಎಂದೆ.

ಅವಳು ಡಬ್ಬಿಯ ಮುಚ್ಚಳ ತೆಗೆದು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು.

"ಭಾಳ ಛಲೋ ಆಗ್ಯಾವ್ರಿ ಬಾಯಾರ. ಈ ಮನಿ ಊಟ ಉಂಡವ್ರು ಘಟ್ಟ ಇಳ್ಯೂದಿಲ್ಲ ಬಿಡ್ರಿ. ನಮ್ಮ ಮನಿಯವ್ರು ತಿಂಗಳಿಗೆರಡು ಸಲ ಕಾರವಾರಕ್ಕ ಹೋಗಾಗ ಬರ್ತೀರೇನಂತ ನಿಮ್ಮನ್ನ ಕೇಳೇ ಹೋಗ್ತಾರ್ರಿ. ಒಮ್ಮಿ ಹಪ್ಪಳದ ಕೆಲಸ ಐತಿ ಅಂದ್ರಿ, ಒಮ್ಮಿ ಉಪ್ಪಿನಕಾಯಿ ಅಂದ್ರಿ." ಹಾಗೆಂದು ಸೊಪ್ಪಿನ ಕಡೆ ತಿರುಗಿದಳು. "ನಾಳೆನೂ ಹೊಂಟಾರ್ರಿ. ನಿಮಗೇನ ಕೆಲಸ ಐತ್ರಿ ನಾಳೆ?"