ಮನೆಯ ಒಂದೇ ಒಣ ಕೋಣೆ

ಮನೆಯಲ್ಲಿ ಬೆಚ್ಚಗಿನ ಜಾಗ ಯಾವುದೆಂಬುದು ಮೊದಲು ಬೆಕ್ಕಿಗೆ ಗೊತ್ತಾಗುತ್ತದೆ, ಆಮೇಲೆ ಗೃಹಿಣಿಗೆ, ಎಲ್ಲರಿಗಿಂತ ಕೊನೆಗೆ ಗಂಡಸರಿಗೆ. ಆದರೆ ಆ ಜಾಗ ಯಾರಿಗೆ ಸೇರಬೇಕು ಎಂಬ ಪ್ರಶ್ನೆ ಬಂದಾಗ ಈ ಸರದಿ ತಲೆಕೆಳಗಾಗುತ್ತದೆ. ಬೆಕ್ಕು ಜಾಣ ಪ್ರಾಣಿ, ಪ್ರಶ್ನೆ ಏಳುವ ಮೊದಲೇ ಅಟ್ಟ ಹತ್ತಿಬಿಡುತ್ತದೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ಎದ್ದು ನಿಂತು ಕುರ್ಚಿ ಬಿಟ್ಟುಕೊಡುವುದನ್ನು ಅಕ್ಷರಕ್ಕಿಂತ ಮೊದಲು ಕಲಿತವಳು.

ಸಕಲೇಶಪುರದ ನಮ್ಮ ಮನೆಯಲ್ಲಿ ಅಂಥ ಜಾಗ ಇದ್ದದ್ದು ಒಂದೇ, ಬಚ್ಚಲುಮನೆಯ ಗೋಡೆಗೆ ಅಂಟಿಕೊಂಡ ಪುಟ್ಟ ಕೋಣೆ. ಗೋಡೆಯ ಆಚೆ ನೀರೊಲೆ. ಹಂಡೆಯ ಕೆಳಗೆ ಬೆಳಗಿನಿಂದ ಸಂಜೆಯವರೆಗೆ ಸೌದೆ ಉರಿಯುತ್ತಲೇ ಇರುತ್ತಿತ್ತು. ಬೀರುವಿನೊಳಗಿನ ರೇಷ್ಮೆ ಸೀರೆಗೂ ಬೂಸಲು ಹತ್ತುವ ಆಷಾಢದಲ್ಲಿ ಆ ಕೋಣೆಯಲ್ಲಿ ಮಾತ್ರ ಬೆಂಕಿಕಡ್ಡಿ ಒಂದೇ ಗೀರಿಗೆ ಹೊತ್ತಿಕೊಳ್ಳುತ್ತಿತ್ತು. ಅತ್ತೆ ಅದರಲ್ಲಿ ಹಪ್ಪಳದ ಡಬ್ಬಿಗಳನ್ನಿಡುತ್ತಿದ್ದರು. ಅತ್ತೆ ಹೋದ ಮೇಲೆ ಅಲ್ಲಿಗೆ ಹೋದವಳು ನಾನು. ನನಗೆ ಮಳೆಗಾಲದಲ್ಲಿ ಉಬ್ಬಸ. ಡಾಕ್ಟರು ಥಂಡಿ ತಾಗದ ಕಡೆ ಇರಬೇಕೆಂದರು. ಗಾಳಿಯ ತೇವ ಹೀರುವ ಒಂದು ಯಂತ್ರ ಸಿಗುತ್ತದೆ, ತರಿಸಿಕೊಳ್ಳಿ ಎಂದೂ ಹೇಳಿದರು. "ಆ ಯಂತ್ರ ಗಿಂತ್ರ ಎಲ್ಲ ಯಾಕೆ, ಹಪ್ಪಳದ ಕೋಣೆ ಐತಲ್ಲ," ಎಂದರು ನಮ್ಮವರು. ಹೀಗೆ ಹಪ್ಪಳದ ನಂತರದ ಸ್ಥಾನ ನನಗೆ ದೊರೆಯಿತು. ನನಗದು ಕಡಿಮೆಯೆನಿಸಲಿಲ್ಲ. ಒಂದು ಕುರ್ಚಿ, ಹೊಲಿಗೆ ಯಂತ್ರ, ಓದಲು ನಾಲ್ಕು ಪುಸ್ತಕ, ಎಳೆದುಕೊಳ್ಳಲು ಸರಾಗವಾದ ಉಸಿರು. ಇಷ್ಟಿದ್ದರೆ ಮಳೆಗಾಲ ಹೊರಗೆ ಎಷ್ಟು ಸುರಿದರೂ ನನ್ನ ಅಭ್ಯಂತರವಿರಲಿಲ್ಲ.

ನಮ್ಮ ಕುಟುಂಬದ್ದೊಂದು ಕಂಪನಿ ಇದೆ. ಸುತ್ತಲಿನ ಬೆಳೆಗಾರರಿಂದ ಕಾಫಿ ಕೊಂಡು, ಹೊಟ್ಟು ತೆಗೆದು, ಬೀಜವನ್ನು ದರ್ಜೆವಾರು ಬೇರೆ ಮಾಡಿ ಮಾರುವ ಕೆಲಸ. ಮನೆಯ ಹಿಂದಿನ ಕಣದ ಆಚೆಗೆ ಕಾರ್ಖಾನೆ, ಅದರ ಮೂಲೆಯಲ್ಲಿ ಆಫೀಸು. ಯಜಮಾನಿಕೆ ನಮ್ಮ ಭಾವನವರದು, ಎಂದರೆ ನಮ್ಮವರ ಅಣ್ಣನದು. ಯಾವುದೋ ದೊಡ್ಡ ಹೋಟೆಲಿನ ಸಭೆಗೆ ಹೋಗಿ ಬಂದ ಭಾವನವರು ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ, ಕಂಪನಿಗೆ ಡೇಟಾ ವೇರ್‌ಹೌಸ್ ಅಪ್ಲಯನ್ಸ್ ಬರುತ್ತಿದೆ ಎಂದು ಸಾರಿದರು. "ಯಾವ ಊರಿಂದ ಎಷ್ಟು ಕಾಫಿ ಬಂತು, ಯಾರ ಮಾಲು ಹೆಂಗಿತ್ತು, ಯಾರು ಕೈ ಕೊಟ್ರು, ಎಲ್ಲಾ ಒಂದೇ ಪೆಟ್ಟಿಗೇಲಿ ಇರ್ತದೆ ಕಣೋ. ಕೇಳಿದ್ರೆ ಟಕ್ಕಂತ ಹೇಳ್ತದೆ." ನಮ್ಮವರು ರೊಟ್ಟಿ ಮುರಿಯುವುದನ್ನು ಬಿಟ್ಟು ತಲೆಯಾಡಿಸಿದರು. ಅಪ್ಲಯನ್ಸ್ ಎಂದರೆ ನನ್ನ ಅನುಭವದಲ್ಲಿ ಕೆಟ್ಟಾಗ ನನಗೆ ಬೈಗುಳ ತರುವ ವಸ್ತು. ಇದು ಆಫೀಸಿನದಾದ್ದರಿಂದ ಬೈಗುಳವೂ ಆಫೀಸಿಗೇ ಎಂದು ನೆಮ್ಮದಿಯಿಂದ ಚಟ್ನಿ ಬಡಿಸಿದೆ.

ಪೆಟ್ಟಿಗೆ ಲಾರಿಯಲ್ಲಿ ಬಂತು. ಬೀರುವಿನಷ್ಟು ಎತ್ತರ, ಮೈಯೆಲ್ಲ ಕಪ್ಪು, ಅಡಿಯಲ್ಲಿ ಪುಟ್ಟ ಗಾಲಿಗಳು. ಗಾಲಿ ಕಂಡಮೇಲೆ ಬಿಡುವುದುಂಟೇ, ಭಾವನವರು ನಿಂಬೆಹಣ್ಣು ಇಡಿಸಿ, ಹಣ್ಣು ಹಿಚುಕಿಹೋಗುವಷ್ಟು ಮುಂದಕ್ಕೆ ತಳ್ಳಿಸಿದರು. ಅದನ್ನು ಜೋಡಿಸಲು ಬೆಂಗಳೂರಿನಿಂದ ಬಂದಿದ್ದ ಇಂಜಿನಿಯರ್ ಮಾತ್ರ ಆಫೀಸಿನ ಮೇಜಿನ ಮೇಲೆ ಬೆರಳೆಳೆದು, ಬೆರಳಿಗೆ ಹತ್ತಿದ ಹೊಟ್ಟಿನ ಧೂಳನ್ನು ನೋಡಿ ಮುಖ ಸಣ್ಣದು ಮಾಡಿದ. ಈ ಧೂಳಿನಲ್ಲಿ ಯಂತ್ರ ಬದುಕುವುದಿಲ್ಲ, ಅದಕ್ಕೆ ತಂಪಾದ, ಧೂಳಿಲ್ಲದ, ತೇವವಿಲ್ಲದ ಕೋಣೆ ಬೇಕು ಎಂದ. ಆಮೇಲೆ ತೇವ ಅಳೆಯುವ ಒಂದು ಮೀಟರು ಹಿಡಿದು ನಮ್ಮ ಮನೆಯೊಳಗೆ ಕೋಣೆ ಕೋಣೆ ಸುತ್ತಿದ. ಹುಡುಗಿ ನೋಡಲು ಬಂದವರ ಹಾಗೆ ಎಲ್ಲರೂ ಹಿಂದೆ ಹಿಂದೆ ನಡೆದರು. ನನ್ನ ಕೋಣೆಯಲ್ಲಿ ಮೀಟರು ಒಪ್ಪಿತು.

"ಸೂಪರ್ ಮೇಡಂ, ಈ ಊರಲ್ಲಿ ಇಂಥ ರೂಮು ಹೇಗಿಟ್ಟುಕೊಂಡಿದ್ದೀರಿ?" ಎಂದು ಅವನು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಭಾವನವರು ಕುರ್ಚಿಯನ್ನು ಹೊರಗೆ ಎತ್ತಿಸಿಯಾಗಿತ್ತು. ಅಡುಗೆಮನೆಯಲ್ಲಿ ನಮ್ಮವರನ್ನು ಹಿಡಿದು, "ರೀ, ನಾನೆಲ್ಲಿ ಕೂರಲಿ?" ಎಂದೆ. ಅವರು ನಕ್ಕರು. "ನಿಂಗೇನೇ ಸುಮಿ, ಇಡೀ ಮನೇನೇ ನಿಂದಲ್ವಾ?" ಇಡೀ ಮನೆ ಯಾರದೋ ಅವರಿಗೆ ಅದರೊಳಗೆ ಒಂದು ಕೋಣೆ ಸಿಗುವುದಿಲ್ಲವೆಂಬುದು ನನಗೆ ತಿಳಿದದ್ದು ಆವತ್ತು.

ಪೆಟ್ಟಿಗೆ ಒಳಗೆ ಹೋಯಿತು, ಅದರ ಹಿಂದೆ ಏಸಿ, ಬ್ಯಾಟರಿಗಳು, ತೊಡೆ ಗಾತ್ರದ ಕೇಬಲ್ಲುಗಳು. ಚಾಲೂ ಮಾಡಿದ ದಿನವೇ ಅದಕ್ಕೆ ಸೆಕೆಯಾಗಿ ಕೂಗಿಕೊಂಡಿತು. ಇಂಜಿನಿಯರ್ ಗೋಡೆ ಮುಟ್ಟಿ ನೋಡಿ ಕೈ ಹಿಂದಕ್ಕೆಳೆದ. ಆಚೆ ಒಲೆ ಉರಿಯುತ್ತಿದೆಯಲ್ಲ, ಅದನ್ನು ಆರಿಸಿ ಎಂದ. ಒಲೆ ಇರುವುದರಿಂದಲೇ ಆ ಗೋಡೆ ಒಣಗಿದೆ, ಆರಿಸಿದರೆ ಅದೂ ಉಳಿದ ಗೋಡೆಗಳಂತೆ ಆಗುತ್ತದೆ ಎಂದು ನಾನು ಮೆಲ್ಲಗೆ ಹೇಳಿದೆ. ಕಾನ್ವೆಂಟಿನವರ ಮೆಲ್ಲಗೆ ಎಂದರೆ ಪಕ್ಕದವರಿಗೂ ಕೇಳಿಸದಷ್ಟು. ಒಲೆ ಆರಿತು. ನೀರು ಕಾಯಿಸುವ ಕೆಂಚಮ್ಮ ಸೌದೆ ಹೊರೆಯನ್ನು ಅಲ್ಲೇ ಇಳಿಸಿ, "ಯಾರ್ ಸತ್ತವ್ರೆ ಅಂತ ಒಲೆ ಆರ್ಸಿದ್ರಿ ಅಮ್ಮಾರೆ? ಆ ಕರೀ ಪೆಟ್ಗೆಗೇನು ಸೂತಕ್ವಾ?" ಎಂದಳು. ಸೂತಕ ಪೆಟ್ಟಿಗೆಗಲ್ಲ, ನನಗೆ ಎಂಬ ಮಾತು ನಾಲಿಗೆ ತುದಿಯವರೆಗೆ ಬಂತು.

ಕೆಲವೇ ದಿನಗಳಲ್ಲಿ ಗೋಡೆಯ ಮೇಲೆ ಕರಿ ಚುಕ್ಕೆಗಳು ಮೂಡಿದವು. ಈಗ ಪೆಟ್ಟಿಗೆ ತೇವಕ್ಕಾಗಿ ಕೂಗತೊಡಗಿತು. ಗಂಡಸರೆಲ್ಲ ಗೋಡೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು ಯೋಚಿಸಿದರು. ಮಾರನೆಯ ದಿನ ಹಾಸನದಿಂದ ಜೀಪಿನಲ್ಲಿ ಒಂದು ಯಂತ್ರ ಬಂತು, ಗಾಳಿಯ ತೇವ ಹೀರುವುದು. ಡಾಕ್ಟರು ನನಗೆ ಹೇಳಿದ್ದೇ. "ಬೆಲೆ ನೋಡ್ಬಾರ್ದು ಮಾರಾಯ, ಅದರ ಆರೋಗ್ಯ ಮುಖ್ಯ," ಎಂದು ಭಾವನವರು ತಮ್ಮನಿಗೆ ತಿಳಿಹೇಳುತ್ತಿದ್ದರು. ನಾನು ಹಜಾರದ ತೇವದಲ್ಲಿ ಶಾಲು ಹೊದ್ದು ಕುಳಿತು, ಕೆಮ್ಮಿನ ನಡುವೆ ಅವರಿಗಾಗಿ ಬಟಾಣಿ ಬಿಡಿಸುತ್ತಿದ್ದೆ.

ಕೊನೆಗೊಮ್ಮೆ ಪೆಟ್ಟಿಗೆ ಪ್ರಶ್ನೆಗಳಿಗೆ ತಯಾರಾಯಿತು. ಹೊಂಗಡಹಳ್ಳದ ಕಡೆಯಿಂದ ಕಾಫಿ ಯಾಕೆ ಕಮ್ಮಿ ಬಂತು ಎಂದು ಭಾವನವರು ಇಂಜಿನಿಯರನ ಕೈಯಿಂದ ಅದನ್ನು ಕೇಳಿಸಿದರು. ಕಮ್ಮಿ ಬಂದಿದೆ ಎಂದು ಅದು ಬಣ್ಣಬಣ್ಣದ ಪಟ್ಟಿಗಳಲ್ಲಿ ತೋರಿಸಿತು. ಎಲ್ಲರೂ ತಲೆದೂಗಿದರು. ನಾನು ಎಲ್ಲರಿಗೂ ಪಾಯಸ ಕೊಟ್ಟೆ.

ಒಂದು ಮಧ್ಯಾಹ್ನ ನನ್ನ ಉಬ್ಬಸ ಮಾತು ಕೇಳಲಿಲ್ಲ. ಎಳೆದ ಉಸಿರು ಗಂಟಲಿನಿಂದ ಕೆಳಗಿಳಿಯದು. ನಮ್ಮವರಿಗೆ ಫೋನು ಮಾಡಿದೆ. "ಅರ್ಜೆಂಟಾ? ಆಲೂರಿನ ಬೆಳೆಗಾರರು ಬಂದವ್ರೆ," ಎಂದರು. ಯಾರಿಗೂ ತೊಂದರೆ ಕೊಡಬಾರದೆಂದು ಕಲಿತವಳಾದ್ದರಿಂದ, ಅಂಥ ಅರ್ಜೆಂಟೇನಿಲ್ಲ ಎಂದೆ. ಹಾಗೆನ್ನಲು ಮೂರು ಸಲ ಉಸಿರೆಳೆದುಕೊಳ್ಳಬೇಕಾಯಿತು. ಫೋನಿಟ್ಟು, ಗೋಡೆ ಹಿಡಿದುಕೊಂಡು ನನ್ನ ಕೋಣೆಗೆ ಹೋದೆ. ಒಳಗೆ ಎಂಥ ಗಾಳಿ ಅಂತೀರಿ, ಇಸ್ತ್ರಿ ಮಾಡಿ ಮಡಿಚಿಟ್ಟಂಥದ್ದು. ಇಂಜಿನಿಯರನ ಸ್ಟೂಲಿನ ಮೇಲೆ ಕುಸಿದೆ. ಬಾಗಿಲು ಹಾಕಲು ಕೈಲಾಗಲಿಲ್ಲ.

ಪೆಟ್ಟಿಗೆಗೆ ಹೊರಗಿನ ಗಾಳಿ ತಾಗಿತು. ಅದು ಮೂವರು ಗಂಡಸರ ಮೊಬೈಲಿಗೆ ಸುದ್ದಿ ಕಳಿಸಿತು. ಅರ್ಜೆಂಟು ಎಂದು ಹೇಳಲು ಅದಕ್ಕೆ ಸಂಕೋಚವೇ ಇಲ್ಲ. ಕಣದ ಮೇಲೆ ಓಡಿ ಬರುವ ಹೆಜ್ಜೆ ಕೇಳಿತು. ಮೊದಲು ಭಾವನವರು, ಹಿಂದೆ ನಮ್ಮವರು, ಅವರ ಹಿಂದೆ ಇಂಜಿನಿಯರ್. "ಏನಾಯ್ತು ಏನಾಯ್ತು?" ಎಂದು ನಮ್ಮವರು ಕೇಳಿದ್ದು ಪೆಟ್ಟಿಗೆಯ ಕಡೆ ನೋಡಿ. ನಾನು ಉತ್ತರಕ್ಕೆ ಉಸಿರು ಹುಡುಕುತ್ತಿದ್ದೆ. ಇಂಜಿನಿಯರ್ ನನ್ನ ಮುಖ ನೋಡಿ, "ಸರ್, ಮೇಡಂಗೆ ಹುಷಾರಿಲ್ಲ," ಎಂದ. "ಮೊದಲು ಬಾಗ್ಲು ಹಾಕ್ರೋ," ಎಂದರು ಭಾವನವರು. ಮೂವರೂ ಹೊರಗೆ ಸರಿದು, ನನ್ನನ್ನು ಒಳಗೇ ಬಿಟ್ಟು ಬಾಗಿಲು ಹಾಕಿದರು. ಆವತ್ತು ನಾನು ಬದುಕಿಕೊಂಡದ್ದು ಆ ಮಾತಿನಿಂದ. ಬಾಗಿಲು ಹಾಕಿದ ಮೇಲೆ ಪೆಟ್ಟಿಗೆಯ ಉಸಿರೂ ನನ್ನ ಉಸಿರೂ ಮೆಲ್ಲಗೆ ಹದಕ್ಕೆ ಬಂದವು.

ಹೊರಗೆ ನ್ಯಾಯತೀರ್ಮಾನವಾಯಿತು. ಮನುಷ್ಯರ ಮೈಯಿಂದಲೂ ಶಾಖ ಬರುತ್ತದೆ, ಆದರೂ ಒಬ್ಬರಾದರೆ ಯಂತ್ರ ತಡೆದುಕೊಳ್ಳುತ್ತದೆ ಎಂದ ಇಂಜಿನಿಯರ್. "ಹಂಗಾದ್ರೆ ಕೂತ್ಕೊಳ್ಲಿ ಬಿಡು. ಮೆಷಿನ್ನು ನೋಡ್ಕೊಳ್ಳಾಕೂ ಒಬ್ರು ಇದ್ದಂಗಾಯ್ತು," ಎಂದರು ಭಾವನವರು. ನನ್ನ ಕೋಣೆಯಲ್ಲಿ ಕೂರಲು ನನಗೆ ಅಪ್ಪಣೆ ದೊರೆಯಿತು, ಕಾವಲುಗಾರಳಾಗಿ. ಏಸಿಯ ಚಳಿಗೆ ಸ್ವೆಟರು ಹಾಕಿಕೊಂಡು, ಚಪ್ಪಲಿ ಹೊರಗೆ ಬಿಟ್ಟು ಹೋಗಿ ಕೂರುತ್ತೇನೆ. ಭಾವನವರಿಗೆ ಥ್ಯಾಂಕ್ಸ್ ಕೂಡ ಹೇಳಿದೆ.

ಮೊನ್ನೆ ದೋಣಿಗಲ್ಲಿನಿಂದ ನನ್ನ ತಂಗಿ ಬಂದಿದ್ದಳು. ನಮ್ಮ ತಾಯಿಯ ಕಡೆಯ ಉಬ್ಬಸ ಅವಳಿಗೂ ಬಂದಿದೆ. ಹಜಾರದಲ್ಲಿ ಕುಳಿತು ಕೆಮ್ಮಿ ಕೆಮ್ಮಿ ಸಾಕಾಗಿ, "ಅಕ್ಕಾ, ನಿನ್ ಕೋಣೇಲಿ ಒಂದ್ ಗಳಿಗೆ ಕೂತ್ಕೊಳ್ಲಾ?" ಎಂದು ಬಾಗಿಲಿಗೆ ಬಂದು ನಿಂತಳು. ನಾನು ಸ್ಟೂಲಿನಿಂದ ಏಳಲಿಲ್ಲ. "ಮೊದಲು ಬಾಗಿಲು ಹಾಕು," ಎಂದೆ. "ಇಬ್ಬರಾದರೆ ಅದಕ್ಕೆ ಆಗೋದಿಲ್ಲ."

ಅವಳು ಸದ್ದಾಗದಂತೆ ಬಾಗಿಲೆಳೆದುಕೊಂಡು ಹೋದಳು. ಅವಳೂ ಅದೇ ಕಾನ್ವೆಂಟಿನಲ್ಲಿ ಓದಿದವಳು.